ವೀಕೆಂಡ್‌ನಲ್ಲಿ ನೂರ್ಬುರ್ಗ್‌ರಿಂಗ್: ಬಾಡಿಗೆ ಕಾರಲ್ಲಿ ಹೋಗಬಹುದಾ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾವು ಮೂವರು ಗೆಳೆಯರು ಫ್ರಾಂಕ್‌ಫರ್ಟ್‌ನಲ್ಲಿ ಕೆಲಸ ಮಾಡುತ್ತೇವೆ. ಮುಂದಿನ ತಿಂಗಳು ಒಂದು ಶನಿವಾರ ಹೊರಟು ನೂರ್ಬುರ್ಗ್‌ರಿಂಗ್‌ನ ನಾರ್ಡ್‌ಶ್ಲೈಫೆ ಅನ್ನುವ ಉದ್ದದ ರೇಸ್ ಟ್ರ್ಯಾಕ್‌ನಲ್ಲಿ ಕಾರು ಓಡಿಸಬೇಕು ಅಂತ ತುಂಬಾ ದಿನದ ಆಸೆ. ಚಿಕ್ಕವರಿದ್ದಾಗಿಂದ ವಿಡಿಯೋ ಗೇಮ್‌ನಲ್ಲಿ ಓಡಿಸಿದ ಟ್ರ್ಯಾಕ್ ಅದು, ಈಗ ಎರಡು ಗಂಟೆ ದಾರಿಯಲ್ಲೇ ಇದೆ. ನಮ್ಮ ಹತ್ತಿರ ಸ್ವಂತ ಕಾರಿಲ್ಲ. ಊರಲ್ಲೇ ಒಂದು ಕಾರು ಬಾಡಿಗೆಗೆ ತೆಗೆದುಕೊಂಡು ಹೋದರೆ ಸಾಕಾ? ಹೆಲ್ಮೆಟ್, ಬೇರೆ ಲೈಸೆನ್ಸ್ ಏನಾದರೂ ಬೇಕಾ? ಹೋಗಿ ಬಂದವರು ಹೇಳಿ.

ಉತ್ತರ 1

ದಯವಿಟ್ಟು ಮಾಮೂಲಿ ಬಾಡಿಗೆ ಕಾರನ್ನು ಒಳಗೆ ಒಯ್ಯಬೇಡಿ. ಬಾಡಿಗೆ ಕಂಪನಿಗಳ ಕರಾರಿನಲ್ಲಿ ರೇಸ್ ಟ್ರ್ಯಾಕ್ ಮೇಲೆ ಓಡಿಸಬಾರದು ಅಂತ ಸಾಮಾನ್ಯವಾಗಿ ಬರೆದೇ ಇರುತ್ತದೆ. ಕಾರಿಗೆ ಏನಾದರೂ ಆದರೆ ಇನ್ಶೂರೆನ್ಸ್ ಕೈ ಬಿಡುತ್ತದೆ, ಪೂರ್ತಿ ಖರ್ಚು ನಿಮ್ಮ ತಲೆಗೆ. ಅದೂ ಬರೀ ಕಾರಿನ ಖರ್ಚಲ್ಲ. ಪಕ್ಕದ ಕಬ್ಬಿಣದ ತಡೆಗೋಡೆ ಬಗ್ಗಿದರೆ ಅದರ ರಿಪೇರಿ, ಕಾರನ್ನು ಎತ್ತಿಕೊಂಡು ಹೋಗುವ ಗಾಡಿ, ಎಲ್ಲದಕ್ಕೂ ಬಿಲ್ ಬರುತ್ತದೆ. ಸ್ವಂತ ಕಾರಿದ್ದವರೂ ತಮ್ಮ ಪಾಲಿಸಿ ಅಲ್ಲಿ ನಡೆಯುತ್ತದಾ ಅಂತ ಮೊದಲೇ ಬರಹದಲ್ಲಿ ಕೇಳಿಕೊಳ್ಳಬೇಕು.

ನಿಮಗೆ ಸರಿಯಾದ ದಾರಿ ಅಂದ್ರೆ ನೂರ್ಬುರ್ಗ್ ಹಳ್ಳಿಯ ಸುತ್ತಮುತ್ತ ಈ ಟ್ರ್ಯಾಕ್‌ಗಾಗಿಯೇ ಕಾರು ಬಾಡಿಗೆಗೆ ಕೊಡುವವರು. ಅವರ ಕಾರಿನಲ್ಲಿ ಬ್ರೇಕ್, ಟೈರ್, ಸೀಟು ಎಲ್ಲಾ ಇದಕ್ಕೇ ತಯಾರಾಗಿರುತ್ತವೆ. ಜಾಸ್ತಿ ಪವರ್ ಇರುವ ಕಾರಿಗೆ ಆಸೆ ಪಡಬೇಡಿ, ಅವರ ಹತ್ತಿರ ಇರುವ ಚಿಕ್ಕ ಹ್ಯಾಚ್‌ಬ್ಯಾಕೇ ಮೊದಲ ಸಲಕ್ಕೆ ಬೇಕಾದಷ್ಟು. ಡ್ಯಾಮೇಜ್ ಆದರೆ ನೀವು ಎಷ್ಟು ಕಟ್ಟಬೇಕು ಅನ್ನುವ ಸಾಲನ್ನು ಓದದೆ ಸಹಿ ಹಾಕಬೇಡಿ.

ಉತ್ತರ 2

ಮೇಲಿನವರು ಹೇಳಿದ್ದು ಸರಿ. ನಾನು ಕ್ಯಾಲೆಂಡರ್ ಬಗ್ಗೆ ಹೇಳುತ್ತೇನೆ, ಯಾಕಂದ್ರೆ ಜನ ಹೋಟೆಲ್ ಬುಕ್ ಮಾಡಿ ಆಮೇಲೆ ಇದನ್ನು ನೋಡುತ್ತಾರೆ. ಎಷ್ಟೋ ಶನಿವಾರ ಅಲ್ಲಿ ರೇಸ್ ಇರುತ್ತದೆ, ಆಗ ಸಾರ್ವಜನಿಕರಿಗೆ ಟ್ರ್ಯಾಕ್ ಇಲ್ಲ. ರಿಂಗ್‌ನ ವೆಬ್‌ಸೈಟ್‌ನಲ್ಲಿ "ಟೂರಿಸ್ಟನ್‌ಫಾರ್ಟನ್", ಅಂದ್ರೆ ಸಾರ್ವಜನಿಕರು ಟ್ರ್ಯಾಕ್‌ನಲ್ಲಿ ಓಡಿಸಬಹುದಾದ ದಿನ ಮತ್ತು ಸಮಯ ಇರುತ್ತದೆ, ಅದನ್ನು ನೋಡಿಯೇ ರಜೆ ಹಾಕಿ. ಆಗಲೂ ಯಾರಾದರೂ ಗುದ್ದಿಕೊಂಡರೆ ಸ್ವಲ್ಪ ಹೊತ್ತು ಮುಚ್ಚುತ್ತಾರೆ. ಆಗುವುದಾದರೆ ವಾರದ ದಿನದ ಸಂಜೆ ಹೋಗಿ, ದರವೂ ಕಡಿಮೆ, ಗಲಾಟೆಯೂ ಕಡಿಮೆ.

ಸಾಮಾನ್ಯ ಕಾರು ಲೈಸೆನ್ಸ್ ಸಾಕು, ಅದು ಜರ್ಮನಿಯಲ್ಲಿ ನಡೆಯುವಂಥದ್ದಾಗಿರಬೇಕು ಅಷ್ಟೇ. ಕಾರಿನಲ್ಲಿ ಹೆಲ್ಮೆಟ್ ಕಡ್ಡಾಯವಲ್ಲ, ಹಾಕಿಕೊಂಡರೆ ಒಳ್ಳೆಯದು. ಸಾರ್ವಜನಿಕರಿಗೆ ಬಿಟ್ಟ ದಿನ ಆ ಟ್ರ್ಯಾಕ್ ಟೋಲ್ ಕಟ್ಟಿ ಹೋಗುವ ಒನ್‌ವೇ ರಸ್ತೆ ಇದ್ದ ಹಾಗೆ, ಜರ್ಮನಿಯ ರಸ್ತೆ ನಿಯಮಗಳೇ ಅಲ್ಲೂ ಅನ್ವಯ. ಬಲಕ್ಕೆ ಇರಬೇಕು, ಎಡಗಡೆಯಿಂದ ಮಾತ್ರ ಓವರ್‌ಟೇಕ್. ಲ್ಯಾಪ್ ಟೈಮ್, ಅಂದ್ರೆ ಒಂದು ಸುತ್ತಿಗೆ ಎಷ್ಟು ಹೊತ್ತು ಅಂತ ಅಳೆಯುವಂತಿಲ್ಲ. ಹಿಂದಿನಿಂದ ಜೋರಾಗಿ ಬರುವ ಕಾರು ಕನ್ನಡಿಯಲ್ಲಿ ಕಂಡ ಕೂಡಲೇ ಬಲಗಡೆ ಇಂಡಿಕೇಟರ್ ಹಾಕಿ ದಾರಿ ಬಿಡಿ. ಮೊದಲ ಲ್ಯಾಪ್‌ನಲ್ಲಿ ಮುಂದೆ ನೋಡುವಷ್ಟೇ ಕನ್ನಡಿಯನ್ನೂ ನೋಡುತ್ತಿರಬೇಕು.

ಉತ್ತರ 3

ಗೇಮ್‌ನಲ್ಲಿ ಗೊತ್ತಾಗದ ಒಂದು ವಿಷಯ ಇದೆ, ಏರಿಳಿತ. 20.832 ಕಿ.ಮೀ. ಉದ್ದದಲ್ಲಿ ಎತ್ತರದ ವ್ಯತ್ಯಾಸ ಸುಮಾರು 300 ಮೀಟರ್. 1927ರಲ್ಲಿ ಐಫೆಲ್ ಬೆಟ್ಟಗಳ ನಡುವೆ ಮಾಡಿದ ಟ್ರ್ಯಾಕ್, ಬೆಟ್ಟ ಹೇಗಿದೆಯೋ ಹಾಗೇ ರಸ್ತೆ ಹೋಗುತ್ತದೆ. ಫುಕ್ಸ್‌ರೋರೆ ಅನ್ನುವ ಕಡೆ ಸರ್ರನೆ ಇಳಿದು ತಳ ಮುಟ್ಟುವಾಗ ಮೈ ಸೀಟಿಗೆ ಒತ್ತುತ್ತದೆ, ಮತ್ತೆ ಏರಿದ ಕೂಡಲೇ ಆಡೆನಾವರ್ ಫೋರ್ಸ್ಟ್‌ನ ತಿರುವು ಬರುತ್ತದೆ, ಮುಂದೆ ಏನಿದೆ ಅಂತ ಕಾಣುವುದೇ ಇಲ್ಲ. ತುಂಬಾ ಜನ ಅಲ್ಲೇ ಹುಲ್ಲಿಗೆ ಇಳಿಯುತ್ತಾರೆ. ತಿರುವು ನೆನಪಿದೆ ಅನ್ನುವ ಧೈರ್ಯದಲ್ಲಿ ಹೋಗಬೇಡಿ. ಕರುಸೆಲ್ ಅನ್ನುವ ಕಾಂಕ್ರೀಟಿನ ತಿರುವಿನ ಒಳಗೂ ಕಾರು ಕುಲುಕುತ್ತದೆ, ಸ್ಟಿಯರಿಂಗ್ ಗಟ್ಟಿಯಾಗಿ ಹಿಡಿಯಿರಿ.

ಮಳೆ ಇನ್ನೊಂದು. ಟ್ರ್ಯಾಕ್‌ನ ಒಂದು ಕಡೆ ಬಿಸಿಲು, ಇನ್ನೊಂದು ಕಡೆ ಮಳೆ, ಇದು ಅಲ್ಲಿ ಮಾಮೂಲು. ಒದ್ದೆ ಇದ್ದರೆ ನಾನಂತೂ ಟಿಕೆಟ್ ಇದ್ದರೂ ಕಾಯುತ್ತೇನೆ, ಅಲ್ಲಿ ರಸ್ತೆ ಪಕ್ಕ ಜಾಗ ಕಡಿಮೆ, ಜಾರಿದರೆ ನೇರ ತಡೆಗೋಡೆಗೇ. 1976ರಲ್ಲಿ ರೇಸ್ ಚಾಲಕ ನಿಕಿ ಲೌಡಾ ಕಾರು ಬೆಂಕಿಗೆ ಸಿಕ್ಕಿದ್ದೂ ಇದೇ ಟ್ರ್ಯಾಕ್‌ನಲ್ಲಿ, ಆಮೇಲೆ ಫಾರ್ಮುಲಾ ಒನ್ ನಾರ್ಡ್‌ಶ್ಲೈಫೆಗೆ ಮತ್ತೆ ಬರಲಿಲ್ಲ.

ಪ್ರಶ್ನೆ ಕೇಳಿದವರು

ತುಂಬಾ ಥ್ಯಾಂಕ್ಸ್. ಅಲ್ಲಿಯ ಕಾರೇ ಬುಕ್ ಮಾಡುತ್ತೇವೆ. ಮೂವರೂ ಓಡಿಸಬೇಕು ಅಂತಿದೆ, ಒಬ್ಬರಿಗೆ ಎಷ್ಟು ಲ್ಯಾಪ್ ಇಟ್ಟುಕೊಳ್ಳೋಣ?

ಉತ್ತರ 2

ತಲಾ ಎರಡು. ಒಂದು ಲ್ಯಾಪ್ ಆದ ಮೇಲೆ ಹೊರಗೆ ಬಂದು ಬ್ರೇಕ್ ತಣ್ಣಗಾಗಲು ಬಿಡಿ, ಅಷ್ಟರಲ್ಲಿ ಓಡಿಸಿದವರಿಗೂ ಸುಧಾರಿಸಿಕೊಳ್ಳಲು ಸಮಯ ಸಿಗುತ್ತದೆ. ಮೊದಲು ಬ್ರುಂಚೆನ್ ಅನ್ನುವ, ಟ್ರ್ಯಾಕ್ ಪಕ್ಕ ನಿಂತು ನೋಡುವ ಜಾಗಕ್ಕೆ ಹೋಗಿ ಒಂದು ಗಂಟೆ ಸುಮ್ನೆ ನಿಂತು ನೋಡಿ. ಬೇರೆಯವರು ಎಲ್ಲಿ ಬ್ರೇಕ್ ಹಾಕುತ್ತಾರೆ, ಎಲ್ಲಿ ಜಾರುತ್ತಾರೆ ಅಂತ ಅಲ್ಲಿ ಚೆನ್ನಾಗಿ ಕಾಣುತ್ತದೆ. ಉಳಿದುಕೊಳ್ಳಲು ಪಕ್ಕದ ಊರು ಆಡೆನಾವ್ ಒಳ್ಳೆಯದು. ಟಿಕೆಟ್ ಗಾಡಿಗೆ, ತಲೆಗಲ್ಲ, ಹಾಗಾಗಿ ಒಬ್ಬರು ಓಡಿಸುವಾಗ ಇನ್ನೊಬ್ಬರು ಪಕ್ಕದಲ್ಲಿ ಕೂತು ಹಿಂದಿನ ಕಾರುಗಳ ಮೇಲೆ ಕಣ್ಣಿಡಲಿ.