ಅರ್ಥಶಾಸ್ತ್ರ ವಿಭಾಗದ ಅಧ್ಯಯನ ತಾಲ್ಲೂಕಿನ ಜನರಿಗೂ ಸರ್ಕಾರಕ್ಕೂ ಮುಟ್ಟುವುದು ಹೇಗೆ?

ಪ್ರಶ್ನೆ: ಅರ್ಥಶಾಸ್ತ್ರ ಅಧ್ಯಾಪಕಿ

ಎಲ್ಲರಿಗೂ ನಮಸ್ಕಾರ. ನಾನು ಕಲ್ಯಾಣ ಕರ್ನಾಟಕದ ವಿಶ್ವವಿದ್ಯಾಲಯವೊಂದರ ಅರ್ಥಶಾಸ್ತ್ರ ವಿಭಾಗದಲ್ಲಿ ಆರು ವರ್ಷಗಳಿಂದ ಪಾಠ ಮಾಡುತ್ತಿದ್ದೇನೆ. ನಮ್ಮಲ್ಲಿ ಸಿದ್ಧವಾಗುವ ಪಿಎಚ್.ಡಿ. ಪ್ರಬಂಧಗಳಲ್ಲಿ ಹಲವು ಸುತ್ತಲಿನ ತಾಲ್ಲೂಕುಗಳ ತೊಗರಿ ಮಾರಾಟ, ಗುಳೆ, ಸ್ವಸಹಾಯ ಸಂಘಗಳ ಸಾಲ ಮುಂತಾದ ವಿಷಯಗಳನ್ನೇ ಕುರಿತವು. ಸಂಶೋಧಕರು ಮನೆಮನೆಗೆ ಹೋಗಿ ಪ್ರಶ್ನಾವಳಿ ತುಂಬಿಸಿಕೊಂಡು ಬರುತ್ತಾರೆ. ಆದರೆ ಉತ್ತರ ಕೊಟ್ಟ ಮನೆಗಳಿಗೆ ಅದರ ಫಲಿತಾಂಶ ಒಮ್ಮೆಯೂ ಹಿಂದಿರುಗಿ ಹೋದದ್ದನ್ನು ನಾನು ಕಂಡಿಲ್ಲ. ಕಾಲೇಜು, ವಿಶ್ವವಿದ್ಯಾಲಯಗಳ ಗುಣಮಟ್ಟ ಅಳೆದು ಮಾನ್ಯತೆ ಕೊಡುವ ನ್ಯಾಕ್ ಸಂಸ್ಥೆಯ ತಂಡ ಬರುವ ವರ್ಷ ಒಂದು ಜಾಥಾ, ಒಂದು ಉಪನ್ಯಾಸ ನಡೆದು, ಫೋಟೊಗಳೊಂದಿಗೆ ‘ವಿಸ್ತರಣಾ ಚಟುವಟಿಕೆ’ ಎಂದು ಕಡತ ಸೇರುತ್ತವೆ. ಇದು ನನಗೆ ನಿಜವಾಗಿಯೂ ನೋವಿನ ಸಂಗತಿ.

ನಮ್ಮ ರಾಜ್ಯದಲ್ಲಿ ಅರ್ಥಶಾಸ್ತ್ರದ ಅಧ್ಯಾಪಕರ ಕೆಲಸ ಸರ್ಕಾರದ ನೀತಿಯನ್ನು ನಿಜಕ್ಕೂ ತಿದ್ದಿದ ಉದಾಹರಣೆಗಳಿದ್ದರೆ, ಅದು ಹೇಗೆ ಸಾಧ್ಯವಾಯಿತು ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು. ಐದಾರು ಮಂದಿ ಅಧ್ಯಾಪಕರಿರುವ ಚಿಕ್ಕ ವಿಭಾಗ ಎಲ್ಲಿಂದ ಆರಂಭಿಸಬಹುದು?

ಉತ್ತರ 1: ಧಾರವಾಡದ ಹಳೆಯ ವಿದ್ಯಾರ್ಥಿ

ಮೇಡಂ, ನಿಮ್ಮ ಪ್ರಶ್ನೆ ಓದಿದ ಕೂಡಲೇ ನೆನಪಾದವರು ಪ್ರೊ. ಡಿ.ಎಂ. ನಂಜುಂಡಪ್ಪನವರು. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಅವರು ಮುಂದೆ ಆ ವಿಶ್ವವಿದ್ಯಾಲಯಕ್ಕೂ ಬೆಂಗಳೂರು ವಿಶ್ವವಿದ್ಯಾಲಯಕ್ಕೂ ಕುಲಪತಿಗಳಾದರು, ರಾಜ್ಯ ಯೋಜನಾ ಮಂಡಳಿಯ ಉಪಾಧ್ಯಕ್ಷರೂ ಆದರು. ಪ್ರಾದೇಶಿಕ ಅಸಮತೋಲನ ನಿವಾರಣೆಗಾಗಿ ಸರ್ಕಾರ 2000ದಲ್ಲಿ ರಚಿಸಿದ ಉನ್ನತಾಧಿಕಾರ ಸಮಿತಿ ಅವರ ಅಧ್ಯಕ್ಷತೆಯಲ್ಲಿ 2002ರ ಜೂನ್‌ನಲ್ಲಿ ವರದಿ ಕೊಟ್ಟಿತು.

ಆ ವರದಿಯ ಬಲ ಅದರ ಗಾತ್ರದಲ್ಲಿಲ್ಲ, ಅದು ಹಿಡಿದ ಅಳತೆಗೋಲಿನಲ್ಲಿದೆ. ಜಿಲ್ಲೆಯ ಸರಾಸರಿಯೊಳಗೆ ಹಿಂದುಳಿದ ತಾಲ್ಲೂಕು ಮರೆಯಾಗಿಬಿಡುತ್ತದೆ ಎಂಬುದನ್ನು ಅರಿತು, ಸಮಿತಿ ಅಂದಿನ 175 ತಾಲ್ಲೂಕುಗಳನ್ನೂ ಒಂದೊಂದಾಗಿ ತೂಗಿ ನೋಡಿತು. ಕೃಷಿ, ಕೈಗಾರಿಕೆ, ರಸ್ತೆ, ಬ್ಯಾಂಕು, ಶಾಲೆ, ಆರೋಗ್ಯ ಮುಂತಾದವುಗಳಿಗೆ ಸಂಬಂಧಿಸಿದ 35 ಸೂಚಕಗಳನ್ನು ಸೇರಿಸಿ ಸಮಗ್ರ ಸೂಚ್ಯಂಕವೊಂದನ್ನು ಕಟ್ಟಿ, ರಾಜ್ಯದ ಸರಾಸರಿಯನ್ನು 1 ಎಂದಿಟ್ಟುಕೊಂಡು, ಅದಕ್ಕಿಂತ ಕೆಳಗಿರುವುದೆಲ್ಲ ಹಿಂದುಳಿದ ತಾಲ್ಲೂಕು ಎಂದಿತು. ಹಾಗೆ ಸಿಕ್ಕವು 114. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು.

ಈ ಎಣಿಕೆ ಎರಡು ಕೆಲಸ ಮಾಡಿತು. ಅತ್ಯಂತ ಹಿಂದುಳಿದ 39ರಲ್ಲಿ 21 ಅಂದಿನ ಗುಲ್ಬರ್ಗಾ (ಇಂದಿನ ಕಲಬುರಗಿ) ವಿಭಾಗವೊಂದರಲ್ಲೇ ಇದ್ದುದರಿಂದ, ತಮ್ಮ ಪ್ರದೇಶ ಹಿಂದುಳಿದಿದೆ ಎಂಬ ಆ ಭಾಗದವರ ದೂರು ಬರಿಯ ಭಾವಾವೇಶವಲ್ಲ ಎಂಬುದು ಸಾಬೀತಾಯಿತು. ಅದರ ಜೊತೆಗೇ, 114ರಲ್ಲಿ 55 ತಾಲ್ಲೂಕುಗಳು ದಕ್ಷಿಣ ಕರ್ನಾಟಕದಲ್ಲಿವೆ ಎಂಬುದೂ ಹೊರಬಂದು, ಉತ್ತರ ಮತ್ತು ದಕ್ಷಿಣದ ಜಗಳವೆಂದಷ್ಟೇ ಈ ಪ್ರಶ್ನೆಯನ್ನು ನೋಡುತ್ತಿದ್ದವರು ಮತ್ತೊಮ್ಮೆ ಯೋಚಿಸಬೇಕಾಯಿತು. ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿ ವೆಚ್ಚ ಮಾಡಬೇಕೆಂದು ಸಮಿತಿ ಹೇಳಿತ್ತು. ವಿಶೇಷ ಅಭಿವೃದ್ಧಿ ಯೋಜನೆ ಜಾರಿಗೆ ಬಂದದ್ದು 2007–08ರಿಂದ. ಐದು ವರ್ಷಗಳ ಆ ವಿಳಂಬವನ್ನೂ ನಾವು ಮರೆಯಬಾರದು.

ಉತ್ತರ 2: ರಾಯಚೂರಿನ ಓದುಗ

ಮೇಲಿನ ಸರ್ ಹೇಳಿದ್ದಕ್ಕೆ ನಮ್ಮೂರಿನ ಅನುಭವವನ್ನು ಸೇರಿಸುತ್ತೇನೆ. ಇಲ್ಲಿ ಆ ವರದಿಯನ್ನು ಪೂರ್ತಿ ಓದಿದವರು ಕಡಿಮೆ, ಆದರೆ ತಮ್ಮ ತಾಲ್ಲೂಕು ಯಾವ ಪಟ್ಟಿಯಲ್ಲಿದೆ ಎಂಬುದನ್ನು ಬಲ್ಲವರು ಬಹಳ. ಮನವಿ ಪತ್ರಗಳಲ್ಲಿ, ಧರಣಿಗಳಲ್ಲಿ, ಕೆ.ಡಿ.ಪಿ. (ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮ) ಪರಿಶೀಲನಾ ಸಭೆಗಳಲ್ಲಿ ‘ನಂಜುಂಡಪ್ಪ ವರದಿಯ ಪ್ರಕಾರ’ ಎಂಬ ಮಾತು ಬಾರದೆ ಇರುವುದಿಲ್ಲ. ರಾಯಚೂರಿಗೆ ಐಐಟಿ ಬರಬೇಕೆಂಬ ಹೋರಾಟಕ್ಕೂ ಆ ವರದಿಯ ಶಿಫಾರಸೇ ಆಧಾರವಾಗಿತ್ತು. ಐಐಟಿ ಧಾರವಾಡಕ್ಕೆ ಹೋಯಿತು. ನಮಗೆ ಮುಂದೆ ಐಐಐಟಿ (ಮಾಹಿತಿ ತಂತ್ರಜ್ಞಾನ ಸಂಸ್ಥೆ) ಬಂತು. 2012ರಲ್ಲಿ ಸಂವಿಧಾನದ 98ನೇ ತಿದ್ದುಪಡಿಯಿಂದ ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ 371(ಜೆ) ವಿಧಿ ಸೇರಿದ್ದು ದಶಕಗಳ ಹೋರಾಟದ ಫಲವಾದರೂ, ಆ ಬೇಡಿಕೆಗೆ ಅಂಕಿ-ಅಂಶದ ಬೆನ್ನೆಲುಬು ಒದಗಿಸಿದ್ದು ಇದೇ ವರದಿ ಎಂದು ನಾನು ಭಾವಿಸುತ್ತೇನೆ.

ನನ್ನ ಆಕ್ಷೇಪ ಬೇರೆಯೇ ಇದೆ. 2002ರ ಪಟ್ಟಿಯನ್ನೇ ಹಿಡಿದು ನಾವು ಎರಡು ದಶಕ ಮಾತನಾಡಿದೆವು. ಅಷ್ಟರಲ್ಲಿ ಹಳೆಯ ತಾಲ್ಲೂಕುಗಳು ಒಡೆದು ಅವುಗಳ ಸಂಖ್ಯೆ 230 ದಾಟಿತು. ಅರ್ಥಶಾಸ್ತ್ರಜ್ಞ ಪ್ರೊ. ಎಂ. ಗೋವಿಂದರಾವ್ ಅವರ ಅಧ್ಯಕ್ಷತೆಯಲ್ಲಿ ಸರ್ಕಾರ ಇದೇ ವಿಷಯಕ್ಕೆ ಮತ್ತೊಂದು ಸಮಿತಿ ರಚಿಸಿದ್ದು 2024ರಲ್ಲಿ. ನಡುವಿನ ಆ ಕಾಲದಲ್ಲಿ ಪ್ರತಿ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ವಿಭಾಗ ತನ್ನ ವ್ಯಾಪ್ತಿಯ ತಾಲ್ಲೂಕುಗಳ ಸೂಚ್ಯಂಕವನ್ನು ಎರಡು ಮೂರು ವರ್ಷಕ್ಕೊಮ್ಮೆ ಲೆಕ್ಕ ಹಾಕಿ ಪ್ರಕಟಿಸಿದ್ದರೆ, ಜನರು ಹೊಸ ಸಮಿತಿಗಾಗಿ ಅಷ್ಟು ವರ್ಷ ಕಾಯಬೇಕಿತ್ತೆ? ಸೂತ್ರ ಮುದ್ರಿತವಾಗಿಯೇ ಇತ್ತಲ್ಲ.

ಉತ್ತರ 3: ನಿವೃತ್ತ ಸಾಂಖ್ಯಿಕ ಅಧಿಕಾರಿ

ರಾಯಚೂರಿನವರ ಮಾತು ಸರಿ, ಆದರೆ ಕೆಲಸ ಅಷ್ಟು ಸುಲಭವಲ್ಲ. ತಾಲ್ಲೂಕು ಮಟ್ಟದ ತಲಾ ಆದಾಯದ ಅಂದಾಜು ಬಹಳ ಎಚ್ಚರದಿಂದ ಬಳಸಬೇಕಾದದ್ದು, ಜನಗಣತಿಯಾದರೂ 2011ರದ್ದು. ಹಾಗಿದ್ದರೂ ‘ಜಿಲ್ಲಾ ಅಂಕಿ-ಅಂಶಗಳ ನೋಟ’ ಪ್ರಕಟಣೆಯಲ್ಲಿ ಶಾಲೆ, ನೀರಾವರಿ, ಬೆಳೆ, ಆಸ್ಪತ್ರೆ, ಬ್ಯಾಂಕುಗಳ ವಿವರ ತಾಲ್ಲೂಕುವಾರು ಸಿಗುತ್ತದೆ. ನಾನು ಸೇವೆಯಲ್ಲಿದ್ದಾಗ ಅದನ್ನು ಕೇಳಿಕೊಂಡು ಬಂದ ಅಧ್ಯಾಪಕರನ್ನು ಬೆರಳಿನಲ್ಲಿ ಎಣಿಸಬಹುದಿತ್ತು.

2014ರಲ್ಲಿ ರಾಜ್ಯದ ಎಲ್ಲ 30 ಜಿಲ್ಲೆಗಳ ಮಾನವ ಅಭಿವೃದ್ಧಿ ವರದಿಗಳು ಹೊರಬಂದಾಗ ವಿಶ್ವವಿದ್ಯಾಲಯಗಳು ಅವುಗಳ ತಯಾರಿಯಲ್ಲಿ ಕೈಜೋಡಿಸಿದ್ದವು. ಆ ಒಡನಾಟ ಯೋಜನೆ ಮುಗಿದೊಡನೆ ನಿಂತುಹೋಗದೆ, ಜಿಲ್ಲಾ ಯೋಜನಾ ಸಮಿತಿಯ ಜೊತೆಗಿನ ಕಾಯಂ ಸಂಬಂಧವಾಗಿ ಬೆಳೆಯಬೇಕಿತ್ತು. ಭಾಷೆಯ ವಿಷಯದಲ್ಲಿ ಹಂಪಿ ಕನ್ನಡ ವಿಶ್ವವಿದ್ಯಾಲಯದ ಅಭಿವೃದ್ಧಿ ಅಧ್ಯಯನ ವಿಭಾಗವನ್ನು ನೋಡಿ. ಸೂಚ್ಯಂಕ, ಲಿಂಗ ಸಂಬಂಧ, ಪ್ರಾದೇಶಿಕ ಅಸಮಾನತೆ ಎಲ್ಲವನ್ನೂ ಅಲ್ಲಿನವರು ಕನ್ನಡದಲ್ಲೇ ಬರೆದಿದ್ದಾರೆ. ಗ್ರಾಮ ಪಂಚಾಯಿತಿ ಸದಸ್ಯೆಯೊಬ್ಬರು ಓದಿ ಪ್ರಶ್ನೆ ಕೇಳಲಾಗದ ವರದಿಯಿಂದ ಪಂಚಾಯಿತಿಗೆ ಏನು ಪ್ರಯೋಜನ?

ಉತ್ತರ 4: ಮ್ಯಾಡಿಸನ್‌ನಲ್ಲಿರುವ ಕನ್ನಡಿಗ

ನಾನಿರುವ ಊರು, ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ರಾಜಧಾನಿ ಮ್ಯಾಡಿಸನ್‌ನ ಒಂದು ಸಂಗತಿಯನ್ನು ಚಿಕ್ಕದಾಗಿ ಹೇಳುತ್ತೇನೆ. 1904ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯಕ್ಕೆ ಬಂದ ಅರ್ಥಶಾಸ್ತ್ರಜ್ಞ ಜಾನ್ ಆರ್. ಕಾಮನ್ಸ್, ರಾಜ್ಯದ ಕಾರ್ಮಿಕ ಕಾನೂನುಗಳ ಕರಡು ಬರೆಯುವ ಕೆಲಸದಲ್ಲಿ ನೇರವಾಗಿ ತೊಡಗಿದ್ದರು. ಕಾರ್ಖಾನೆಯ ಸುರಕ್ಷತಾ ನಿಯಮಗಳನ್ನು ರೂಪಿಸುವಾಗ ಮಾಲೀಕರ ಮತ್ತು ಕಾರ್ಮಿಕರ ಪ್ರತಿನಿಧಿಗಳನ್ನು ಒಂದೇ ಮೇಜಿನ ಸುತ್ತ ಕೂರಿಸಿ ಒಪ್ಪಿಗೆ ಪಡೆಯುವುದು ಅವರ ಕ್ರಮ. ಅಮೆರಿಕದ ಮೊದಲ ನಿರುದ್ಯೋಗ ಪರಿಹಾರ ಕಾನೂನು 1932ರಲ್ಲಿ ಇದೇ ರಾಜ್ಯದಲ್ಲಿ ಆಯಿತು. ಅವರ ಶಿಷ್ಯ ಎಡ್ವಿನ್ ವಿಟ್ಟೆ 1935ರ ಸಾಮಾಜಿಕ ಭದ್ರತಾ ಕಾನೂನನ್ನು ರೂಪಿಸಿದ ಸಮಿತಿಯ ಕಾರ್ಯನಿರ್ವಾಹಕ ನಿರ್ದೇಶಕರಾಗಿದ್ದರು. ವಿಶ್ವವಿದ್ಯಾಲಯ ಮತ್ತು ವಿಧಾನಸಭೆ ಎರಡೂ ಒಂದೇ ಊರಿನಲ್ಲಿ ನಡೆದು ಹೋಗುವಷ್ಟು ಹತ್ತಿರವಿರುವುದೂ ಇದಕ್ಕೆ ನೆರವಾಯಿತು. ನಿಮಗೆ ವಿಧಾನಸೌಧ ದೂರವಿರಬಹುದು, ಜಿಲ್ಲಾ ಪಂಚಾಯಿತಿ ಕಚೇರಿಯಂತೂ ದೂರವಿರಲಾರದು.

ಪ್ರಶ್ನೆ ಕೇಳಿದವರು: ಅರ್ಥಶಾಸ್ತ್ರ ಅಧ್ಯಾಪಕಿ

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಇಂದು ವಿಭಾಗದ ಮುಖ್ಯಸ್ಥರೊಡನೆ ಮಾತನಾಡಿದೆ. ತೊಗರಿ ಮಾರಾಟದ ಕುರಿತ ಪ್ರಬಂಧವೊಂದರ ಮುಖ್ಯ ಅಂಶಗಳನ್ನು ನಾಲ್ಕು ಪುಟದ ಕನ್ನಡ ಕೈಪತ್ರವಾಗಿ ಬರೆದು, ಸಮೀಕ್ಷೆ ನಡೆದ ಹಳ್ಳಿಗಳ ಗ್ರಾಮ ಸಭೆಯಲ್ಲಿ ಸಂಶೋಧಕರೇ ಓದಿ ಹೇಳಬೇಕೆಂದು ಒಪ್ಪಿಕೊಂಡಿದ್ದೇವೆ. ಅಲ್ಲಿ ರೈತರು ತಪ್ಪೆಂದು ತೋರಿಸಿದ್ದನ್ನು ತಿದ್ದಿದ ಮೇಲೆಯೇ ಜಿಲ್ಲಾ ಪಂಚಾಯಿತಿಗೆ ಕಳುಹಿಸುತ್ತೇವೆ. ತಾಲ್ಲೂಕು ಸೂಚ್ಯಂಕದ ಲೆಕ್ಕವನ್ನು ಮುಂದಿನ ಸೆಮಿಸ್ಟರಿನ ಎಂ.ಎ. ವಿದ್ಯಾರ್ಥಿಗಳ ಕಿರುಯೋಜನೆಯಾಗಿ ಕೊಡುವ ಆಲೋಚನೆಯಿದೆ. ನಿವೃತ್ತ ಅಧಿಕಾರಿಗಳಲ್ಲಿ ಒಂದು ವಿನಂತಿ: 35 ಸೂಚಕಗಳಲ್ಲಿ ಇಂದು ತಾಲ್ಲೂಕುವಾರು ನಂಬಿಕೆಗೆ ಅರ್ಹವಾಗಿ ಸಿಗುವವು ಯಾವುವು ಎಂದು ಗುರುತು ಹಾಕಿಕೊಟ್ಟರೆ, ಅಷ್ಟರಿಂದಲೇ ಆರಂಭಿಸುತ್ತೇವೆ.