ಟಿಡಿಎಸ್ ಕಡಿಮೆ ಮಾಡುವ ಸರ್ಟಿಫಿಕೇಟ್ ಕೊಡಲಿಲ್ಲ, ಹೈಕೋರ್ಟಿಗೆ ಹೋಗಬಹುದಾ?

ಪ್ರಶ್ನೆ: ನಮಸ್ಕಾರ ಮೇಡಂ. ನಾನು, ನನ್ನ ತಮ್ಮ ಸೇರಿ ಸಿವಿಲ್ ಕಂಟ್ರಾಕ್ಟ್ ಮಾಡುತ್ತೇವೆ. ಪಾರ್ಟ್ನರ್‌ಶಿಪ್ ಫರ್ಮ್, ಉತ್ತರ ಕರ್ನಾಟಕದ ಕಡೆ. 2025-26ರಲ್ಲಿ ಸುಮಾರು 3 ಕೋಟಿ ಬಿಲ್ ಆಗುತ್ತದೆ, ಕೈಗೆ ಉಳಿಯೋದು 9 ಲಕ್ಷ, ಅದಕ್ಕೆ ತೆರಿಗೆ 2.81 ಲಕ್ಷ. ಆದರೆ ಪ್ರತಿ ಬಿಲ್‌ನಲ್ಲೂ 2% ತೆರಿಗೆ (ಟಿಡಿಎಸ್) ಮೊದಲೇ ಮುರಿದುಕೊಂಡು ಕೊಡುತ್ತಾರೆ. ನವೆಂಬರ್‌ವರೆಗಿನ 1.8 ಕೋಟಿ ಬಿಲ್‌ಗೇ 3.6 ಲಕ್ಷ ಹೋಗಿದೆ. ಇದನ್ನು ಕಡಿಮೆ ಮಾಡುವ ಸರ್ಟಿಫಿಕೇಟ್ ಕೇಳಿ ಫಾರ್ಮ್ 13 ಅರ್ಜಿ ಹಾಕಿದೆವು. ಇಲಾಖೆಯ ಟಿಡಿಎಸ್ ವೆಬ್‌ಸೈಟ್ ಟ್ರೇಸಸ್‌ನಲ್ಲಿ ಒಂದೇ ಸಾಲು ಬಂತು, ಬಾಕಿ ಡಿಮ್ಯಾಂಡ್ (ಕಟ್ಟಬೇಕಾದ ತೆರಿಗೆ) ಇರುವುದರಿಂದ ತಿರಸ್ಕರಿಸಲಾಗಿದೆ ಅಂತ. ಆ ಡಿಮ್ಯಾಂಡ್ ಹಳೇದು, 4.2 ಲಕ್ಷ, ಅದರ ಮೇಲೆ ಅಪೀಲ್ ನಡೆಯುತ್ತಿದೆ. ಇದಕ್ಕೂ ಅಪೀಲ್ ಹಾಕಬಹುದಾ? ಗೆಳೆಯರು ಸೀದಾ ಹೈಕೋರ್ಟಿಗೆ ಹೋಗಿ ಅನ್ನುತ್ತಿದ್ದಾರೆ.

ಉತ್ತರ (ತೆರಿಗೆ ವಕೀಲೆ): ಅಪೀಲ್ ಇಲ್ಲ. ಯಾವ ಯಾವ ಆದೇಶದ ಮೇಲೆ ಅಪೀಲ್ ಹಾಕಬಹುದು ಅಂತ 1961ರ ಆದಾಯ ತೆರಿಗೆ ಕಾಯ್ದೆಯ 246ಎ ಸೆಕ್ಷನ್‌ನಲ್ಲಿ ಪಟ್ಟಿ ಇದೆ, 197ರ (ಈ ಸರ್ಟಿಫಿಕೇಟ್‌ನ ಸೆಕ್ಷನ್) ತಿರಸ್ಕಾರ ಅದರಲ್ಲಿ ಸೇರಿಲ್ಲ. ಉಳಿಯೋದು ಎರಡು ದಾರಿ. ಒಂದು, 264ರಡಿ ಕಮಿಷನರ್ ಮುಂದೆ ರಿವಿಷನ್, ಅಂದರೆ ಆದೇಶ ಮರುಪರಿಶೀಲಿಸಿ ಅಂತ ಅರ್ಜಿ: ಶುಲ್ಕ 500 ರೂಪಾಯಿ, ಆದೇಶ ಸಿಕ್ಕ ಒಂದು ವರ್ಷದೊಳಗೆ ಹಾಕಬೇಕು. 197ರ ಆದೇಶಕ್ಕೆ ಈ ರಿವಿಷನ್ ನಡೆಯುತ್ತದೆ ಅಂತ ಬಾಂಬೆ ಹೈಕೋರ್ಟ್ 2010ರಲ್ಲೇ ಎಲ್ ಆಂಡ್ ಟಿ ಪ್ರಕರಣದಲ್ಲಿ ಹೇಳಿದೆ. ಇನ್ನೊಂದು, ಸಂವಿಧಾನದ 226ನೇ ವಿಧಿಯಡಿ ಸೀದಾ ಹೈಕೋರ್ಟಿಗೆ ರಿಟ್ ಅರ್ಜಿ. ನಿಮ್ಮ ಜಿಲ್ಲೆ ನೋಡಿಕೊಂಡು ಧಾರವಾಡ ಅಥವಾ ಕಲಬುರಗಿ ಪೀಠ.

ಈಗ ನಿಮ್ಮ ಕೇಸಿನ ಜೀವಾಳಕ್ಕೆ ಬರೋಣ. ನಿಯಮ 28ಎಎ ಪ್ರಕಾರ ಅಧಿಕಾರಿ ಈ ವರ್ಷದ ಅಂದಾಜು ಆದಾಯದ ತೆರಿಗೆ, ಹಿಂದಿನ 4 ವರ್ಷಗಳ ಲೆಕ್ಕ, ಹಳೇ ಬಾಕಿ, ಈಗಾಗಲೇ ಕಟ್ಟಿದ ಅಡ್ವಾನ್ಸ್ ಟ್ಯಾಕ್ಸ್ ಮತ್ತು ಟಿಡಿಎಸ್, ಇಷ್ಟನ್ನೂ ನೋಡಬೇಕು. ಬಾಕಿ ಇದರಲ್ಲಿ ಒಂದು ಮಾತ್ರ. ಹಾಗಂತ ಬಾಕಿ ನೋಡಿದ್ದೇ ತಪ್ಪು ಅಂತ ವಾದ ಮಾಡೋಕೆ ಹೋಗಬೇಡಿ, ಅಲ್ಲಿ ಸೋಲುತ್ತೀರಿ. ನಿಮ್ಮ ಬಲ ಬೇರೆ ಕಡೆ ಇದೆ: ಇಡೀ ವರ್ಷದ ತೆರಿಗೆ 2.81 ಲಕ್ಷ, ಈಗಾಗಲೇ ಮುರಿದಿದ್ದು 3.6 ಲಕ್ಷ. ಆ ಒಂದು ಸಾಲಿನ ಆದೇಶದಲ್ಲಿ ಈ ಲೆಕ್ಕ ನೋಡಿದ ಗುರುತೇ ಇಲ್ಲ. ಕಾರಣ ಬರೆಯದ ಆದೇಶ ಕೋರ್ಟಿನಲ್ಲಿ ನಿಲ್ಲೋದು ಕಷ್ಟ.

ಅಂದಹಾಗೆ, ಆ 4.2 ಲಕ್ಷದ ವಸೂಲಿಗೆ ಸ್ಟೇ (ತಡೆ) ತಗೊಂಡಿದ್ದೀರಾ?

ಪ್ರಶ್ನೆ: ಇಲ್ಲ ಮೇಡಂ. ಅಪೀಲ್ ಹಾಕಿದ ಮೇಲೆ ತಾನಾಗೇ ಸ್ಟೇ ಆಗುತ್ತದೆ ಅಂದುಕೊಂಡಿದ್ದೆವು.

ಉತ್ತರ: ಆಗಲ್ಲ. ಎಲ್ಲರೂ ಎಡವೋದು ಇಲ್ಲೇ. ಮೊದಲ ಅಪೀಲ್ ಬಾಕಿ ಇದ್ದಾಗ ಸಾಮಾನ್ಯವಾಗಿ 20% ಕಟ್ಟಿದರೆ ಉಳಿದಿದ್ದಕ್ಕೆ ಸ್ಟೇ ಕೊಡಬೇಕು ಅಂತ ನೇರ ತೆರಿಗೆ ಮಂಡಳಿ ಸಿಬಿಡಿಟಿಯ 2017ರ ಸೂಚನೆ ಇದೆ. ನಿಮಗೆ ಅದು 84,000. ಕಟ್ಟಿ, ಚಲನ್ ಇಟ್ಟು 220(6)ರಡಿ ಅರ್ಜಿ ಕೊಡಿ. ಸ್ಟೇ ಆದೇಶ ಕೈಯಲ್ಲಿ ಇಲ್ಲದೆ ಕೋರ್ಟಿಗೆ ಹೋದರೆ ಇಲಾಖೆಯ ವಕೀಲರು ಮೊದಲು ಎತ್ತೋದೇ ಇದನ್ನು.

ಪ್ರಶ್ನೆ: ಸ್ಟೇ ಸಿಕ್ಕರೆ ಕೋರ್ಟೇ ಸರ್ಟಿಫಿಕೇಟ್ ಕೊಡಿಸುತ್ತದಾ?

ಉತ್ತರ: ಸಾಮಾನ್ಯವಾಗಿ ಇಲ್ಲ. ಕೋರ್ಟ್ ತೆರಿಗೆ ಲೆಕ್ಕ ಹಾಕಲು ಕೂರಲ್ಲ. ಆದೇಶ ರದ್ದು ಮಾಡಿ, ಇಷ್ಟು ವಾರದೊಳಗೆ ಕಾರಣ ಸಮೇತ ಹೊಸದಾಗಿ ತೀರ್ಮಾನಿಸಿ ಅಂತ ಅದೇ ಅಧಿಕಾರಿಗೆ ವಾಪಸ್ ಕಳಿಸುತ್ತದೆ. ಆಮೇಲೆ ಸಿಕ್ಕರೂ ಆ ದಿನದಿಂದ ಮುಂದಿನ ಬಿಲ್‌ಗಳಿಗೆ ಮಾತ್ರ. ಮುರಿದಿದ್ದು ಮುರಿದಂತೆಯೇ, ಅದು ರಿಟರ್ನ್ ಹಾಕಿ ರಿಫಂಡ್‌ನಲ್ಲೇ ಬರಬೇಕು. ಮಾರ್ಚ್ 31 ದಾಟಿದರೆ ನಿಮ್ಮ ಕೇಸಿನಲ್ಲಿ ಕೇಳೋಕೆ ಏನೂ ಉಳಿಯಲ್ಲ. ರಿವಿಷನ್ನೂ ಇದೇ ಕಾರಣಕ್ಕೆ ನಿಧಾನದ ದಾರಿ, ಅರ್ಜಿ ಹಾಕಿದ ಆರ್ಥಿಕ ವರ್ಷ ಮುಗಿದ ಮೇಲೂ ಕಮಿಷನರ್‌ಗೆ ಇನ್ನೊಂದು ವರ್ಷ ಟೈಮ್ ಇದೆ. ತಿರಸ್ಕಾರಕ್ಕೆ ಕಮಿಷನರ್ ಒಪ್ಪಿಗೆಯೇ ಇತ್ತು ಅಂತ ಗೊತ್ತಾದರೆ, ಮತ್ತೆ ಅವರ ಮುಂದೆಯೇ ಹೋಗಿ ಏನು ಉಪಯೋಗ ಅಂತ ರಿಟ್‌ನಲ್ಲಿ ಕೇಳಬಹುದು.

ನಿಮಗೆ ಉಳಿದಿರೋದು 1.2 ಕೋಟಿ ಬಿಲ್, ಅಂದರೆ 2.4 ಲಕ್ಷ. ಅದೂ ಕಳೆದುಹೋಗುವ ದುಡ್ಡಲ್ಲ, ಸಿಕ್ಕಿಹಾಕಿಕೊಳ್ಳುವ ದುಡ್ಡು. ಟೈಮಿಗೆ ರಿಟರ್ನ್ ಹಾಕಿದರೆ ಏಪ್ರಿಲ್ 1ರಿಂದ ತಿಂಗಳಿಗೆ 0.5% ಬಡ್ಡಿಯೂ ಬರುತ್ತದೆ. ಇಷ್ಟಕ್ಕೆ ರಿಟ್ ಹಾಕಿದರೆ ಫೀಸಲ್ಲೇ ಅರ್ಧ ಹೋದೀತು, ನನ್ನ ಕಸುಬಿಗೆ ನಷ್ಟವಾದರೂ ಹೇಳುತ್ತಿದ್ದೇನೆ! ನಾನಾಗಿದ್ದರೆ ಈ ವಾರವೇ 84,000 ಕಟ್ಟಿ, ಸ್ಟೇ ತಗೊಂಡು, 26ಎಎಸ್ (ಮುರಿದ ಟಿಡಿಎಸ್‌ನ ಲೆಕ್ಕಪಟ್ಟಿ) ಪ್ರತಿ ಲಗತ್ತಿಸಿ ಹೊಸದಾಗಿ ಫಾರ್ಮ್ 13 ಹಾಕುತ್ತಿದ್ದೆ.

ಇನ್ನೊಬ್ಬರು: ನಮಗೆ ಕೊಟ್ಟಿದ್ದ ಸರ್ಟಿಫಿಕೇಟನ್ನೇ ನಡುವೆ ರದ್ದು ಮಾಡಿದರು ಮೇಡಂ, ನೋಟಿಸ್ ಕೂಡ ಇಲ್ಲ.

ಉತ್ತರ: ನಿಮ್ಮದು ಗಟ್ಟಿ ಕೇಸು. ಟಾಟಾ ಟೆಲಿಸರ್ವಿಸಸ್‌ಗೆ ಹೀಗೇ ನಡುವೆ ರದ್ದು ಮಾಡಿದ್ದನ್ನು ಬಾಂಬೆ ಹೈಕೋರ್ಟ್ 2018ರಲ್ಲಿ ತಳ್ಳಿಹಾಕಿತು. ಮೊತ್ತ ದೊಡ್ಡದಿದ್ದರೆ ಕಾಯಬೇಡಿ, ರದ್ದು ಆದೇಶದ ಪ್ರತಿ ತಗೊಂಡು ವಕೀಲರನ್ನು ನೋಡಿ.

ಮೊದಲ ಪ್ರಶ್ನೆ ಕೇಳಿದವರು: ಥ್ಯಾಂಕ್ಸ್ ಮೇಡಂ. ಚಲನ್ ನಾಳೆಯೇ ಕಟ್ಟುತ್ತೇವೆ. ಮುಂದಿನ ವರ್ಷಕ್ಕೂ ಇದೇ ಸೆಕ್ಷನ್ನಾ?

ಉತ್ತರ: 2026ರ ಏಪ್ರಿಲ್ 1ರಿಂದ ಹೊಸ ಕಾಯ್ದೆ, ಅದರಲ್ಲಿ ಇದು 395. ವರ್ಷ ಶುರುವಾಗುತ್ತಲೇ ಅರ್ಜಿ ಹಾಕಿಬಿಡಿ, ಡಿಸೆಂಬರ್‌ವರೆಗೆ ಸುಮ್ನೆ ಕೂರಬೇಡಿ.