ಥಾಯ್ಲೆಂಡಿನಲ್ಲಿ ಸಣ್ಣ ಉಪಾಹಾರ ಗೃಹ: ಕಂಪನಿ ನೋಂದಣಿ ಮತ್ತು ಕೆಲಸದ ಪರವಾನಗಿ

ಪ್ರಶ್ನೆ

ನಮಸ್ಕಾರ. ಭಾರತೀಯ ಪ್ರಜೆಯಾದ ನಾನು ಚಿಯಾಂಗ್ ಮಾಯ್ ನಗರದಲ್ಲಿ ಇಪ್ಪತ್ತು ಜನ ಕೂರಬಹುದಾದ ಸಸ್ಯಾಹಾರಿ ಉಪಾಹಾರ ಗೃಹವೊಂದನ್ನು ತೆರೆಯಬೇಕೆಂದಿದ್ದೇನೆ. ಅಡುಗೆಯನ್ನೂ ಲೆಕ್ಕಪತ್ರವನ್ನೂ ನಾನೇ ನೋಡಿಕೊಳ್ಳಬೇಕೆಂಬುದು ನನ್ನ ಆಸೆ. ಅಲ್ಲಿಯ ಮಧ್ಯವರ್ತಿಯೊಬ್ಬರು, ಶೇಕಡ 51ರಷ್ಟು ಷೇರುಗಳನ್ನು ತಮ್ಮ ಪರಿಚಯದ ಇಬ್ಬರು ಥಾಯ್ ಪ್ರಜೆಗಳ ಹೆಸರಿನಲ್ಲಿ ಬರೆಸಿ, ದಿನಾಂಕ ಹಾಕದ ವರ್ಗಾವಣೆ ಪತ್ರಕ್ಕೆ ಅವರಿಂದ ಸಹಿ ಪಡೆದುಕೊಂಡರೆ ಕಂಪನಿ ಪೂರ್ತಿ ನನ್ನ ಕೈಯಲ್ಲೇ ಇರುತ್ತದೆ ಎಂದು ಹೇಳುತ್ತಿದ್ದಾರೆ. ಇದು ಕಾನೂನುಬದ್ಧವೇ? ನನ್ನದೇ ಕಂಪನಿಯಲ್ಲಿ ದುಡಿಯುವುದಕ್ಕೂ ಕೆಲಸದ ಪರವಾನಗಿ ಬೇಕೇ? ಬಂಡವಾಳ ಎಷ್ಟು ತೋರಿಸಬೇಕು? ದಯವಿಟ್ಟು ತಿಳಿದವರು ವಿವರಿಸಬೇಕು.

ಉತ್ತರ 1

ಆ ಮಧ್ಯವರ್ತಿಯ ಮಾತನ್ನು ದಯವಿಟ್ಟು ನಂಬಬೇಡಿ. ಥಾಯ್ಲೆಂಡಿನ 1999ರ ವಿದೇಶಿ ವ್ಯವಹಾರ ಕಾಯಿದೆಯ ಪ್ರಕಾರ, ಅರ್ಧ ಅಥವಾ ಅದಕ್ಕಿಂತ ಹೆಚ್ಚು ಷೇರುಗಳು ವಿದೇಶಿಯರ ಕೈಯಲ್ಲಿದ್ದರೆ ಅದು ವಿದೇಶಿ ಕಂಪನಿ. ಆಹಾರ, ಪಾನೀಯಗಳ ಮಾರಾಟವು ಆ ಕಾಯಿದೆಯ ಮೂರನೆಯ ಪಟ್ಟಿಯಲ್ಲಿರುವುದರಿಂದ ಅಂಥ ಕಂಪನಿಯು ವಿಶೇಷ ಪರವಾನಗಿಯಿಲ್ಲದೆ ಉಪಾಹಾರ ಗೃಹ ನಡೆಸುವಂತಿಲ್ಲ. ಈ ನಿರ್ಬಂಧವನ್ನು ತಪ್ಪಿಸಿಕೊಳ್ಳಲೆಂದೇ ಹೆಸರಿಗೆ ಮಾತ್ರ ಪಾಲುದಾರರಾಗುವವರನ್ನು ಹುಡುಕುವ ದಂಧೆ ಬೆಳೆದಿದೆ. ಸಿಕ್ಕಿಬಿದ್ದರೆ, ಹೆಸರು ಕೊಟ್ಟ ಥಾಯ್ ಪ್ರಜೆಗೂ ಕೊಡಿಸಿಕೊಂಡ ವಿದೇಶಿಗೂ ಮೂರು ವರ್ಷಗಳವರೆಗೆ ಸೆರೆವಾಸ, ಇಲ್ಲವೇ 1 ಲಕ್ಷದಿಂದ 10 ಲಕ್ಷ ಬಾತ್‌ವರೆಗೆ ದಂಡ, ಅಥವಾ ಎರಡೂ ಆಗಬಹುದು. ವಿದೇಶಿಯೊಬ್ಬರು ಸಹಿ ಮಾಡುವ ಅಧಿಕಾರವುಳ್ಳ ನಿರ್ದೇಶಕರಾಗಿದ್ದರೆ, ಷೇರು ಕೊಳ್ಳುವಷ್ಟು ಹಣ ತಮ್ಮ ಬಳಿ ಇತ್ತು ಎಂಬುದಕ್ಕೆ ಥಾಯ್ ಷೇರುದಾರರಿಂದ ಬ್ಯಾಂಕಿನ ದಾಖಲೆಯನ್ನು ನೋಂದಣಿಯ ವೇಳೆಯಲ್ಲೇ ಕೇಳುತ್ತಾರೆ.

ನಿಜವಾಗಿ ಹಣ ಹಾಕಿ, ನಿಜವಾಗಿ ಲಾಭನಷ್ಟ ಹಂಚಿಕೊಳ್ಳುವ ಥಾಯ್ ಪಾಲುದಾರರು ಸಿಕ್ಕರೆ ಮಾತ್ರ ಮುಂದುವರಿಯಿರಿ. ಸಿಗುವವರೆಗೆ ಕಾಯುವುದೇ ಮೇಲು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಉತ್ತರ 2

ಮೇಲಿನವರು ಹೇಳಿದ್ದು ಸರಿಯಾಗಿದೆ. ಪರವಾನಗಿಯ ವಿಷಯಕ್ಕೆ ಬರುವುದಾದರೆ, ಕಂಪನಿಯ ಒಡೆತನ ಬೇರೆ, ಅಲ್ಲಿ ದುಡಿಯುವ ಹಕ್ಕು ಬೇರೆ. ನೋಂದಣಿಯು ವಾಣಿಜ್ಯ ಸಚಿವಾಲಯದ ವ್ಯವಹಾರ ಅಭಿವೃದ್ಧಿ ಇಲಾಖೆಯ ಕೆಲಸ. ಕೆಲಸದ ಪರವಾನಗಿಯನ್ನು ಕೊಡುವುದು ಕಾರ್ಮಿಕ ಸಚಿವಾಲಯದ ಉದ್ಯೋಗ ಇಲಾಖೆ. ವಾಸ್ತವ್ಯದ ಅವಧಿಯನ್ನು ವಿಸ್ತರಿಸುವುದು ವಲಸೆ ವಿಭಾಗ. ಇವುಗಳಲ್ಲಿ ಒಂದು ಕಡೆ ಒಪ್ಪಿಗೆ ಸಿಕ್ಕಿತೆಂದು ಇನ್ನೊಂದು ಕಡೆ ಸಿಕ್ಕೇ ಸಿಗುತ್ತದೆ ಎಂದು ಭಾವಿಸಬಾರದು.

ನೋಂದಣಿ ಅಷ್ಟೇನೂ ಕಷ್ಟವಲ್ಲ. 2023ರ ಫೆಬ್ರವರಿಯಿಂದ ಖಾಸಗಿ ನಿಯಮಿತ ಕಂಪನಿಗೆ ಮೂವರ ಬದಲು ಇಬ್ಬರು ಸ್ಥಾಪಕರು ಸಾಕು. ಬಿಗಿಯಿರುವುದು ಮುಂದಿನ ಹಂತದಲ್ಲಿ. ಸಾಮಾನ್ಯ ಕಂಪನಿಯಲ್ಲಿ ಒಬ್ಬ ವಿದೇಶಿಯ ಪರವಾನಗಿಗೆ 20 ಲಕ್ಷ ಬಾತ್ ಪಾವತಿಯಾದ ಬಂಡವಾಳ, ಅಂದರೆ ಷೇರುದಾರರು ನಿಜವಾಗಿ ಕಟ್ಟಿದ ಹಣ, ಇರಬೇಕು. ಅದು ಬ್ಯಾಂಕಿನಲ್ಲಿ ಮುಟ್ಟದೆ ಇಡುವ ಠೇವಣಿಯಲ್ಲ. ಪಾತ್ರೆ, ಒಲೆ, ಬಾಡಿಗೆಗಳಿಗೆ ಅದನ್ನೇ ಬಳಸಬಹುದು. ವಾಸ್ತವ್ಯವನ್ನು ಒಂದು ವರ್ಷಕ್ಕೆ ವಿಸ್ತರಿಸಿಕೊಳ್ಳುವಾಗ, ಒಬ್ಬ ವಿದೇಶಿಗೆ ನಾಲ್ವರು ಥಾಯ್ ಕಾಯಂ ನೌಕರರು ಇರಬೇಕೆಂಬ ನಿಯಮ ಎದುರಾಗುತ್ತದೆ. ಭಾರತೀಯರಿಗೆ ತಿಂಗಳಿಗೆ ಕನಿಷ್ಠ 35,000 ಬಾತ್ ಸಂಬಳ ತೋರಿಸಿ, ಅದರ ಮೇಲೆ ತೆರಿಗೆಯನ್ನೂ ಕಟ್ಟಿರಬೇಕು. ಇಪ್ಪತ್ತು ಆಸನಗಳ ಹೋಟೆಲು ಐದು ಜನರ ಸಂಬಳವನ್ನೂ ನೌಕರರ ಸಾಮಾಜಿಕ ಭದ್ರತಾ ನಿಧಿಯ ವಂತಿಗೆಯನ್ನೂ ಪ್ರತಿ ತಿಂಗಳು ಹೊರಬಲ್ಲುದೇ ಎಂಬುದನ್ನು ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲೇ ಲೆಕ್ಕ ಹಾಕಿಕೊಳ್ಳಿ. ನನಗೆ ಗೊತ್ತಿರುವ ಎರಡು ಅಂಗಡಿಗಳು ಮುಚ್ಚಿದ್ದು ಗಿರಾಕಿಗಳಿಲ್ಲದೆ ಅಲ್ಲ, ಈ ಲೆಕ್ಕ ತಪ್ಪಿದ್ದರಿಂದ.

ವ್ಯಾಪಾರವಿಲ್ಲದ ವರ್ಷದಲ್ಲೂ ಲೆಕ್ಕ ಪರಿಶೋಧಕರ ಸಹಿಯಿರುವ ವಾರ್ಷಿಕ ಲೆಕ್ಕಪತ್ರವನ್ನು ಸಲ್ಲಿಸಲೇಬೇಕು. ವಾರ್ಷಿಕ ವಹಿವಾಟು 18 ಲಕ್ಷ ಬಾತ್ ದಾಟಿದರೆ ಮೌಲ್ಯವರ್ಧಿತ ತೆರಿಗೆಗೂ ನೋಂದಾಯಿಸಿಕೊಳ್ಳಬೇಕು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಮಧ್ಯವರ್ತಿಗೆ ಬೇಡವೆಂದು ತಿಳಿಸಿದ್ದೇನೆ. ಚಿಯಾಂಗ್ ಮಾಯ್‌ನಲ್ಲೇ ಬೇಕರಿ ನಡೆಸುತ್ತಿರುವ ಒಬ್ಬ ಥಾಯ್ ಮಹಿಳೆ ತಮ್ಮದೇ ಹಣ ಹಾಕಿ ಪಾಲುದಾರರಾಗುವ ಆಸಕ್ತಿ ತೋರಿಸಿದ್ದಾರೆ. ಇನ್ನೊಂದು ಸಂದೇಹ: ಪರವಾನಗಿ ಬರುವವರೆಗೆ ನಾನು ಪ್ರವಾಸಿಯಾಗಿ ಹೋಗಿ ಗೋಡೆಗೆ ಬಣ್ಣ ಹೊಡೆಯುವುದು, ಅಡುಗೆಯವರಿಗೆ ತರಬೇತಿ ಕೊಡುವುದು ಮುಂತಾದವನ್ನು ಮಾಡಬಹುದೇ?

ಉತ್ತರ 3

ಮಾಡಬೇಡಿ. ಸಂಬಳ ಪಡೆಯದಿದ್ದರೂ ಅದನ್ನು ಕೆಲಸವೆಂದೇ ಪರಿಗಣಿಸಬಹುದು. ಪರವಾನಗಿಯಿಲ್ಲದೆ ದುಡಿದ ವಿದೇಶಿಗೆ 5,000ದಿಂದ 50,000 ಬಾತ್ ದಂಡ ಹಾಕಿ ದೇಶದಿಂದ ಹೊರಗೆ ಕಳುಹಿಸುತ್ತಾರೆ. ಜಾಗ ನೋಡುವುದು, ಪಾಲುದಾರರೊಡನೆ ಮಾತುಕತೆ, ವಕೀಲರ ಭೇಟಿ ಇಷ್ಟನ್ನು ಮುಗಿಸಿಕೊಂಡು ಬನ್ನಿ. ಅನಂತರ ಕಂಪನಿಯ ಕಾಗದಪತ್ರಗಳೊಂದಿಗೆ ವಲಸೆಯೇತರ ಬಿ ವರ್ಗದ (ವ್ಯವಹಾರ, ಉದ್ಯೋಗಕ್ಕೆಂದು ಕೊಡುವ) ವೀಸಾ ಪಡೆದು ಹೋದರೆ ಸಾಮಾನ್ಯವಾಗಿ 90 ದಿನಗಳ ಅವಕಾಶ ಸಿಗುತ್ತದೆ. ಕೆಲಸದ ಪರವಾನಗಿ ಆ ಅವಧಿಯೊಳಗೆ ಆಗಬೇಕು.

ಪರವಾನಗಿ ಕೈಗೆ ಬಂದ ಮೇಲೂ ಒಂದು ಎಚ್ಚರ ಅಗತ್ಯ. ಅಂಗಡಿಯ ಮುಂದೆ ನಿಂತು ಮಾರಾಟ ಮಾಡುವ ಕೆಲಸವನ್ನು ಥಾಯ್ ಪ್ರಜೆಗಳಿಗೇ ಮೀಸಲಿಟ್ಟಿದ್ದಾರೆ. ಆದ್ದರಿಂದ ಗಲ್ಲಾಪೆಟ್ಟಿಗೆಯ ಬಳಿ ಆ ಮಹಿಳೆಯೋ ನೌಕರರೋ ಇರಲಿ. ನೀವು ಅಡುಗೆಯನ್ನೂ ಮಾಡುವವರಾದರೆ, ಅರ್ಜಿಯಲ್ಲಿ ಬರೀ ವ್ಯವಸ್ಥಾಪಕರೆಂದು ಬರೆಯದೆ ಅದನ್ನೂ ವಕೀಲರಿಂದ ಸ್ಪಷ್ಟವಾಗಿ ಬರೆಸಿ. ಇನ್ನು ವಾಸ್ತವ್ಯ ವಿಸ್ತರಣೆಯಾದ ಬಳಿಕ ಊರಿಗೆ ಬರುವಾಗ ಮರುಪ್ರವೇಶದ ಅನುಮತಿಯನ್ನು ಮೊದಲೇ ಮಾಡಿಸಿಕೊಳ್ಳಬೇಕು. ಒಂದು ಸಲಕ್ಕೆ 1,000 ಬಾತ್, ಹಲವು ಸಲಕ್ಕೆ 3,800 ಬಾತ್. ಅದಿಲ್ಲದೆ ಗಡಿ ದಾಟಿದರೆ ವಿಸ್ತರಣೆ ಅಲ್ಲಿಗೇ ರದ್ದಾಗಿ, ವೀಸಾದಿಂದ ಹಿಡಿದು ಎಲ್ಲವನ್ನೂ ಮತ್ತೆ ಮೊದಲಿನಿಂದ ಮಾಡಬೇಕಾಗುತ್ತದೆ.